ಮನೆಗೆ ಆಂಗಲ್ ಗ್ರೈಂಡರ್, ಡ್ರಿಲ್ ತಂದಿದ್ದೇನೆ, ಬಳಸಿ ಗೊತ್ತಿರುವವರು ಹೇಳಿ

ಕೇಳಿದವರು, ತೀರ್ಥಹಳ್ಳಿ ಕಡೆಯ ತೋಟದವರು:
ತೋಟದ ಗೇಟು, ಕೊಟ್ಟಿಗೆ ಪೈಪು ಅಂತ ಸಣ್ಣಪುಟ್ಟದ್ದಕ್ಕೆಲ್ಲ ವೆಲ್ಡಿಂಗ್ ಅಂಗಡಿಯವರನ್ನು ಕಾಯೋದು ಸಾಕಾಗಿ 4 ಇಂಚಿನ ಆಂಗಲ್ ಗ್ರೈಂಡರ್ (ಡಿಸ್ಕ್ ತಿರುಗಿಸಿ ಲೋಹ ಕೊಯ್ಯುವ, ಉಜ್ಜುವ ಕೈಮಷಿನ್), ಒಂದು ಡ್ರಿಲ್ ತಂದೆ. ಹಲಗೆಯನ್ನೂ ಕೊಯ್ಯಬಹುದು ಅಂತ ಅಂಗಡಿಯವರು ಹಲ್ಲಿನ ಬ್ಲೇಡ್ ಒಂದು ಕೊಟ್ಟಿದ್ದಾರೆ. ಪಿಯುಸಿ ಓದುವ ಮಗನಿಗೂ ಕಲಿಯುವ ಆಸೆ. ಏನೇನು ಜಾಗ್ರತೆ ಬೇಕು?

ಹಾಸನ, ಫ್ಯಾಬ್ರಿಕೇಷನ್ ಕೆಲಸ:
ಸರ್, ಮೊದಲು ಆ ಹಲ್ಲಿನ ಬ್ಲೇಡ್ ವಾಪಸ್ ಕೊಟ್ಟುಬಿಡಿ. ಈ ಮಷಿನ್ ನಿಮಿಷಕ್ಕೆ ಹೆಚ್ಚುಕಮ್ಮಿ 11,000 ಸುತ್ತು ತಿರುಗುತ್ತೆ. ಹಲ್ಲು ಮರದ ಗಂಟಿಗೆ ಸಿಕ್ಕಿದ ತಕ್ಷಣ ಮಷಿನ್ನೇ ಒದ್ದು ಕೈಯಿಂದ ಎಗರುತ್ತೆ. ಸ್ವಿಚ್ ಲಾಕ್ ಆಗಿದ್ದರೆ ತಿರುಗುತ್ತಲೇ ತೊಡೆಗೋ ಕುತ್ತಿಗೆಗೋ ಬರುತ್ತೆ. ಬಡಗಿ ಕೆಲಸದವರು ಗಾರ್ಡ್ (ಡಿಸ್ಕ್ ಮುಚ್ಚೋ ಲೋಹದ ಕವಚ) ಬಿಚ್ಚಿ ಹಾಗೆ ಕೊಯ್ಯೋದನ್ನ ನೋಡಿರ್ತೀರಿ. ಅದನ್ನ ನೋಡಿ ಧೈರ್ಯ ತಗೋಬೇಡಿ. ಹಲಗೆಗೆ ಸರ್ಕ್ಯುಲರ್ ಸಾ ಇದೆ, ಇಲ್ಲ ಅಂದ್ರೆ ಕೈಗರಗಸ ಸಾಕು.

ಗಾರ್ಡ್ ಬಿಚ್ಚೋ ಇನ್ನೊಂದು ಚಾಳಿ ಅಂದ್ರೆ 5 ಇಂಚಿನ ಡಿಸ್ಕ್ ಕೂರಿಸೋಕೆ. ಡಿಸ್ಕ್ ಮೇಲೆ ಓದಿ ನೋಡಿ: 4 ಇಂಚಿನದರಲ್ಲಿ ಸಾಮಾನ್ಯವಾಗಿ 15,300 ಅಂತ ಇರುತ್ತೆ, 5 ಇಂಚಿನದರಲ್ಲಿ 12,200. ದೊಡ್ಡದಾದಷ್ಟೂ ತಡ್ಕೊಳ್ಳೋ ಸುತ್ತು ಕಮ್ಮಿ. ಮಷಿನ್ ಪ್ಲೇಟ್ ಮೇಲಿರೋ ಸಂಖ್ಯೆಗಿಂತ ಡಿಸ್ಕಿನದು ಯಾವತ್ತೂ ಕಮ್ಮಿ ಇರಬಾರದು. ನಡುವಿನ ಲೋಹದ ಬಳೆ ಮೇಲೆ ಎಕ್ಸ್‌ಪೈರಿ ತಿಂಗಳು, ವರ್ಷನೂ ಒತ್ತಿರುತ್ತೆ. ನಿಮ್ಮ ಕಡೆ ಮಳೆಗಾಲದ ಥಂಡಿ ಜೋರು, ಡಿಸ್ಕ್‌ಗಳನ್ನ ಒಣಗಿದ ಡಬ್ಬಿಲಿಡಿ. ಕೆಳಗೆ ಬಿದ್ದಿದ್ದು, ಅಂಚು ಚಕ್ಕೆ ಎದ್ದಿದ್ದು ಕಸಕ್ಕೆ ಹಾಕಿ. ಹೊಸದು ಹಾಕಿದಾಗ ನೀವು ಡಿಸ್ಕಿನ ನೇರಕ್ಕೆ ನಿಲ್ಲದೆ ಒಂದು ನಿಮಿಷ ಖಾಲಿ ಓಡಿಸಿ. ತೆಳುವಾದ ಕಟಿಂಗ್ ಡಿಸ್ಕಿನ ಪಕ್ಕದಿಂದ ಯಾವತ್ತೂ ಉಜ್ಜಬೇಡಿ, ಅದಕ್ಕೆ ದಪ್ಪ ಗ್ರೈಂಡಿಂಗ್ ವ್ಹೀಲೇ ಬೇರೆ.

ಪೈಪ್ ಕೊಯ್ಯುವಾಗ ಹೊಸಬರು ಎರಡು ತುದಿಗೂ ಇಟ್ಟಿಗೆ ಕೊಟ್ಟು ನಡುವೆ ಕೊಯ್ತಾರೆ. ಮುಕ್ಕಾಲು ಭಾಗ ಕೊಯ್ದಾಗ ಪೈಪ್ ನಡುವೆ ಕುಸಿಯುತ್ತೆ, ಸೀಳು ಮೇಲಿಂದ ಮುಚ್ಕೊಂಡು ಡಿಸ್ಕನ್ನ ಕಚ್ಚುತ್ತೆ, ಮಷಿನ್ ಹಿಂದಕ್ಕೆ ಒದೆಯುತ್ತೆ. ಒಂದು ಬದಿನ ಕೊಯ್ಯೋ ಗೆರೆ ಹತ್ತಿರವೇ ಕ್ಲಾಂಪ್ ಹಾಕಿ ಬಿಗಿ ಮಾಡಿ, ಬೀಳಬೇಕಾದ ತುಂಡನ್ನ ಗಾಳಿಲಿ ಬಿಡಿ. ಆಗ ಸೀಳು ತಾನಾಗಿ ಬಾಯಿ ಬಿಟ್ಕೊಂಡು ಹೋಗುತ್ತೆ. ಸೈಡ್ ಹ್ಯಾಂಡಲ್ ಹಾಕಿ ಎರಡೂ ಕೈಲಿ ಹಿಡೀರಿ. ಕಣ್ಣಿಗೆ ಗಾಗಲ್ಸ್ ಇಲ್ದೆ ಸ್ವಿಚ್ ಒತ್ತಬೇಡಿ, ತಂಪು ಕನ್ನಡಕ ಅದಕ್ಕಲ್ಲ. ಕಿಡಿ ಹಾರೋ ದಿಕ್ಕಲ್ಲಿ ಹುಲ್ಲು, ಅಡಿಕೆ ಸಿಪ್ಪೆ, ಪೆಟ್ರೋಲ್ ಕ್ಯಾನ್ ಇರಬಾರದು.

ಮಂಗಳೂರು, ಎಲೆಕ್ಟ್ರಿಷಿಯನ್:
ಕರೆಂಟಿನ ವಿಷಯ ನಾನು ಹೇಳ್ತೇನೆ ಮಾರಾಯ್ರೆ. ಕೆಲಸದ ನಡುವೆ ಕರೆಂಟ್ ಹೋಯ್ತು, ಮಷಿನ್ ನಿಂತಿತು, ನೀವು ಅದನ್ನು ನೆಲದ ಮೇಲಿಟ್ಟು ಚಾ ಕುಡಿಯಲಿಕ್ಕೆ ಹೋದಿರಿ. ಸ್ವಿಚ್ ಆನ್‌ನಲ್ಲೇ ಉಂಟು! ಕರೆಂಟ್ ಬಂದ ಕೂಡಲೇ ಅದು ಅಂಗಳದಲ್ಲಿ ಕುಣಿಯುತ್ತದೆ, ಹತ್ತಿರ ಮಕ್ಕಳಿದ್ದರೆ ಗತಿ ಏನು? ಕರೆಂಟ್ ಹೋದರೆ ಪ್ಲಗ್ ಕಿತ್ತೇ ಇಡಬೇಕು. ಡಿಸ್ಕ್ ಬದಲಿಸುವಾಗಲೂ ಅಷ್ಟೇ, ಸ್ವಿಚ್ ಆಫ್ ಮಾಡಿದರೆ ಸಾಲದು. ತಾನಾಗಿ ಶುರುವಾಗದ ಹಾಗೆ ತಡೆ ಇರುವ ಮಷಿನ್ನುಗಳೂ ಸಿಗುತ್ತವೆ, ಇನ್ನೊಮ್ಮೆ ಕೊಳ್ಳುವಾಗ ಕೇಳಿ.

ಮಷಿನ್ನಿನ ಮೈಮೇಲೆ ಒಂದರೊಳಗೊಂದು ಚೌಕದ ಗುರುತಿದ್ದರೆ ಒಳಗೆ ಎರಡು ಪದರ ಇನ್ಸುಲೇಷನ್ ಉಂಟೆಂದು ಅರ್ಥ, ಅದಕ್ಕೆ ಎರಡು ಪಿನ್ ಸರಿ. ಹಳೇ ಲೋಹದ ಮೈಯ ಡ್ರಿಲ್ ಆದರೆ ಅರ್ಥಿಂಗ್ ಬೇಕೇ ಬೇಕು, ಮೂರನೇ ಪಿನ್ ಮುರಿದು ಸಿಕ್ಕಿಸುವುದು ಬೇಡ. ಮನೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ. ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್) ಉಂಟಲ್ಲ ಅನ್ನಬೇಡಿ, ಅದು ವೈರನ್ನು ಉಳಿಸುತ್ತದೆ, ಮನುಷ್ಯನನ್ನಲ್ಲ. ಎಕ್ಸ್‌ಟೆನ್ಷನ್ ವೈರ್ ಸುತ್ತಿಟ್ಟ ಹಾಗೇ ಓಡಿಸಿದರೆ ಬಿಸಿಯಾಗಿ ಕರಗುತ್ತದೆ, ಪೂರ್ತಿ ಬಿಚ್ಚಿ ಹಾಸಿ. ಗೋಡೆಗೆ ಡ್ರಿಲ್ ಮಾಡುವಾಗ ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ತೂತು ಹಾಕಬೇಡಿ, ಒಳಗೆ ವೈರಿನ ಪೈಪ್ ಇರುವುದು ಅಲ್ಲಿಯೇ.

ಇಳಕಲ್, ಗೃಹಿಣಿ:
ಧೂಳಿನ ಮಾತು ಯಾರೂ ಎತ್ತಲಿಲ್ರಿ. ನಮ್ಮ ಮನಿಯವರು ಗ್ರಾನೈಟ್ ಕೂಡಿಸೋ ಕೆಲಸದಾಗ ಅದಾರ. ಕಲ್ಲು, ಟೈಲ್ಸ್, ಕಾಂಕ್ರೀಟ್ ಕೊಯ್ದಾಗ ಏಳೋ ಹಿಟ್ಟಿನಂಥಾ ಧೂಳು ಪುಪ್ಪಸದಾಗ ಕುಂತ್ರ ಸಿಲಿಕೋಸಿಸ್ ಬರ್ತೈತಿ, ಅದನ್ನ ವಾಸಿ ಮಾಡೋ ಔಷಧಿಲ್ಲ. ಮೂಗಿಗೆ ಟವೆಲ್ ಕಟ್ಟಿದ್ರ ನಿಲ್ಲಂಗಿಲ್ಲ, ಎನ್-95 ಮಾಸ್ಕ್ ಹಾಕ್ಕೋರಿ. ಹೆಗಲ ಮ್ಯಾಲಿನ ಟವೆಲ್, ಲುಂಗಿ, ಸೆರಗು, ಕೊರಳಾಗಿನ ದಾರ ಎಲ್ಲಾ ತಗದಿಟ್ಟ ಮ್ಯಾಲೇ ಮಷಿನ್ ಮುಟ್ರಿ.

ಶಿವಮೊಗ್ಗ, ಆಸ್ಪತ್ರೆಯ ನರ್ಸ್:
ಕೈ ಕೊಯ್ದುಕೊಂಡವರು ಗಾಯಕ್ಕೆ ಅರಿಶಿನ, ಕಾಫಿಪುಡಿ ಮೆತ್ತಿಕೊಂಡು ಬರುತ್ತಾರೆ, ದಯವಿಟ್ಟು ಬೇಡ. ಸ್ವಚ್ಛ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ. ಬೆರಳು ತುಂಡಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಐಸ್ ಮೇಲಿಟ್ಟು ತನ್ನಿ. ಐಸ್ ನೇರವಾಗಿ ತಾಗಿದರೆ ಮಾಂಸ ಹಾಳಾಗುತ್ತದೆ. ಶಾಕ್ ಹೊಡೆದವರನ್ನು ಮುಟ್ಟುವ ಮೊದಲು ಮೇನ್ ಆಫ್ ಮಾಡಿ.

ಕೇಳಿದವರು:
ಬ್ಲೇಡ್ ನಾಳೆಯೇ ವಾಪಸ್. ಆರ್‌ಸಿಸಿಬಿಗೂ ಹೇಳಿದೆ. ಮಗನಿಗೆ ಯಾವುದರಿಂದ ಶುರು ಮಾಡಿಸಲಿ?

ಹಾಸನ, ಫ್ಯಾಬ್ರಿಕೇಷನ್ ಕೆಲಸ:
ಡ್ರಿಲ್ಲಿಂದ ಸರ್, ನೀವು ಪಕ್ಕದಲ್ಲೇ ನಿಂತು. ತಗಡನ್ನ ಕೈಲಿ ಹಿಡ್ಕೊಂಡು ತೂತು ಹಾಕೋಕೆ ಬಿಡಬೇಡಿ, ಬಿಟ್ ಕಚ್ಚಿದರೆ ತಗಡೇ ಗಿರ್ರನೆ ತಿರುಗಿ ಕೈ ಕೊಯ್ಯುತ್ತೆ. ವೈಸ್‌ಗೆ (ತುಂಡನ್ನ ಕಚ್ಚಿ ಹಿಡಿಯೋ ಬೆಂಚಿನ ಇಕ್ಕಳ) ಬಿಗಿದೇ ಹಾಕಲಿ. ಡ್ರಿಲ್ ಹಿಡಿದಾಗ ಗ್ಲೌಸ್ ಬೇಡ, ಬಿಟ್ಟಿಗೆ ಸುತ್ಕೊಂಡು ಬೆರಳನ್ನ ಎಳೆಯುತ್ತೆ. ಗ್ರೈಂಡರಿಗೆ ಮಾತ್ರ ಬಿಗಿಯಾದ ಚರ್ಮದ ಗ್ಲೌಸ್, ಅದೂ ಅವನು ಡ್ರಿಲ್ ಮೇಲೆ ಹಿಡಿತ ಸಾಧಿಸಿದ ಮೇಲೆ.