ಸೈಕಸ್ ಬೀಜ ದಪ್ಪಗಿದೆ, ಕೆಂಪಗಿದೆ, ಆದರೂ ಮೊಳೆಯುತ್ತಿಲ್ಲ. ಏಕೆ?

ಪ್ರಶ್ನೆ:
ಸೈಕಸ್ ರೆವೊಲ್ಯೂಟಾ ಹೆಣ್ಣು ಗಿಡದಲ್ಲಿ ಬೀಜ ತುಂಬಾ ಬಿಟ್ಟಿದೆ. ಒಂದೊಂದೂ ಸುಮಾರು 3 ಸೆಂ.ಮೀ. ಉದ್ದ, ಕಿತ್ತಳೆಗೆಂಪು ಬಣ್ಣ. ಮರಳಿನಲ್ಲಿ ಹೂತು ತಿಂಗಳುಗಳೇ ಕಳೆದರೂ ಒಂದೂ ಮೊಳೆತಿಲ್ಲ. ಒಡೆದರೆ ಒಳಗಿನ ಬಿಳಿ ತಿರುಳು ಗಟ್ಟಿಯಾಗಿದೆ, ಕೊಳೆತಿಲ್ಲ. ಹತ್ತಿರ ಗಂಡು ಗಿಡವಿಲ್ಲ. ಗಂಡು ಗಿಡವಿಲ್ಲದೆ ಇಷ್ಟು ದೊಡ್ಡ ಬೀಜ ಆಗುತ್ತದೆಯೇ?

ಉತ್ತರ 1:
ಆಗುತ್ತದೆ. ಸೈಕಸ್‌ನಲ್ಲಿ ಪರಾಗ ಬೀಳದಿದ್ದರೂ ಅಂಡಕ (ಮುಂದೆ ಬೀಜವಾಗುವ ಭಾಗ) ಪೂರ್ತಿ ಗಾತ್ರಕ್ಕೆ ಬೆಳೆದು ಬಣ್ಣ ತಿರುಗುತ್ತದೆ. ಬಿಳಿ ತಿರುಳಿದ್ದರೆ ಬೀಜ ಸರಿಯಾಗಿದೆ ಎಂದು ಭಾವಿಸಬೇಡಿ. ಹೂಬಿಡುವ ಸಸ್ಯಗಳಲ್ಲಿ ಭ್ರೂಣಪೋಷ (ಭ್ರೂಣಕ್ಕೆ ಆಹಾರ ಕೊಡುವ ಅಂಗಾಂಶ) ಹುಟ್ಟುವುದು ನಿಷೇಚನೆಯ, ಅಂದರೆ ಪುರುಷಾಣು ಅಂಡಾಣುವನ್ನು ಸೇರಿದ ನಂತರ. ಸೈಕಸ್, ಪೈನ್‌ನಂಥ ಅನಾವೃತಬೀಜ (ಬೀಜ ಹಣ್ಣಿನೊಳಗೆ ಮುಚ್ಚಿರದ) ಸಸ್ಯಗಳಲ್ಲಿ ಆ ಆಹಾರದ ಅಂಗಾಂಶ ನಿಷೇಚನೆಗೆ ಮೊದಲೇ ಸಿದ್ಧವಾಗಿರುತ್ತದೆ. ಅದು ಹೆಣ್ಣು ಲಿಂಗಾಣುಸಸ್ಯವೇ (ಅಂಡಾಣುವನ್ನು ಹುಟ್ಟಿಸುವ ಅಂಗಾಂಶ), ಏಕಗುಣಿತ, ಅಂದರೆ ಒಂದೇ ಜೊತೆ ವರ್ಣತಂತು ಇರುವುದು. ತಂದೆಯ ಪಾಲು ಅದರಲ್ಲಿ ಏನೂ ಇಲ್ಲ.

ನೋಡಬೇಕಾದ್ದು ಭ್ರೂಣವನ್ನು. ಕೈಗವಸು ಹಾಕಿಕೊಂಡು ಹೊರಗಿನ ಕೆಂಪು ಪದರ ಪೂರ್ತಿ ತೆಗೆಯಿರಿ (ಸೈಕಸಿನ್ ಎಂಬ ವಿಷ ಇದೆ, ನಾಯಿಗಳಿಗೆ ಪ್ರಾಣಾಪಾಯ). ಗಟ್ಟಿ ಚಿಪ್ಪು ಒಡೆದು ತಿರುಳನ್ನು ಉದ್ದಕ್ಕೆ ಸೀಳಿ. ಗಿಡಕ್ಕೆ ಅಂಟಿದ್ದ ತುದಿಯ ಎದುರು ತುದಿಯಿಂದ ನಡುವಿನವರೆಗೆ ಸಣ್ಣ ಕುಳಿ, ಅದರಲ್ಲಿ ಸುರುಳಿ ಸುತ್ತಿದ ತೆಳು ಎಳೆ, ಎಳೆಯ ಕೊನೆಯಲ್ಲಿ ಭ್ರೂಣ ಕಂಡರೆ ಬೀಜ ಫಲಿತವಾಗಿದೆ. ಬರೀ ತಿರುಳಿದ್ದರೆ ಎಷ್ಟು ಕಾದರೂ ಮೊಳೆಯದು.

ಸುಲಿದ ಬೀಜವನ್ನು ನೀರಿಗೆ ಹಾಕಿಯೂ ನೋಡಬಹುದು. ತೇಲುವುದು ಹೆಚ್ಚಾಗಿ ಜೊಳ್ಳು. ಆದರೆ ಮುಳುಗಿದ್ದೆಲ್ಲ ಗಟ್ಟಿಬೀಜವಲ್ಲ. ಸೈಕಸ್ ರಂಫಿಯೈ ಎಂಬ ಇನ್ನೊಂದು ಜಾತಿಗೆ ಈ ಪರೀಕ್ಷೆ ಬೇಡವೇ ಬೇಡ. ಅದರ ಬೀಜದೊಳಗೆ ಸ್ಪಂಜಿನಂಥ ಪದರವಿದ್ದು, ಒಳ್ಳೆಯ ಬೀಜವೂ ತೇಲುತ್ತದೆ.

ಉತ್ತರ 2:
ಮುಂದಿನ ಸಲಕ್ಕೆ ಕೈಯಿಂದ ಪರಾಗಸ್ಪರ್ಶ ಮಾಡಿ. ಗಂಡು ಗಿಡದ ಶಂಕು (ಪರಾಗ ಬಿಡುವ ಭಾಗ) ಉದ್ದವಾಗಿ, ಹುರುಪೆಗಳು ಬಿಟ್ಟುಕೊಂಡು, ತಟ್ಟಿದರೆ ಹಳದಿ ಪುಡಿ ಉದುರುವಾಗ ಕಾಗದದ ಮೇಲೆ ಕೊಡವಿಕೊಳ್ಳಿ. ನೆರಳಲ್ಲಿ ಒಂದು ರಾತ್ರಿ ಒಣಗಿಸಿ, ಜರಡಿ ಹಿಡಿದು, ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕಿ. ಒಣಗಿಸದೆ ಇಟ್ಟರೆ ಬೂಸ್ಟು ಹಿಡಿಯುತ್ತದೆ.

ಹೆಣ್ಣು ಗಿಡದ ನಡುವಿನ ಉಣ್ಣೆಯಂಥ ಎಲೆಗಳು ಸಡಿಲಗೊಂಡು ಸಂದು ಬಿಟ್ಟಾಗ ಒಣ ಪರಾಗವನ್ನು ಅಂಡಕಗಳವರೆಗೆ ಊದಬೇಕು. ಎರಡು ದಿನಕ್ಕೊಮ್ಮೆ, ಮೂರು ಸಲ. ಅಂಡಕದ ತುದಿಯಲ್ಲಿ ಜಿನುಗುವ ಹನಿ ಪರಾಗವನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತದೆ. ಆ ಹನಿ ಎಲ್ಲ ಅಂಡಕಗಳಲ್ಲೂ ಒಂದೇ ದಿನ ಬರುವುದಿಲ್ಲ. ಸಂದು ಮುಚ್ಚಿದ ಮೇಲೆ ಊದಿ ಫಲವಿಲ್ಲ.

ಪರಾಗ ಒಳಸೇರಿದ ಕೂಡಲೇ ನಿಷೇಚನೆ ನಡೆಯುವುದಿಲ್ಲ. ಪರಾಗನಾಳ ಹಲವು ತಿಂಗಳು ಅಂಡಕದ ಅಂಗಾಂಶದಿಂದ ಆಹಾರ ಹೀರುತ್ತಾ ಕೂರುತ್ತದೆ. ಕೊನೆಗೆ ಅದರಿಂದ ಹೊರಬರುವ ಪುರುಷಾಣುಗಳು ಸಾವಿರಾರು ಕಶಾಂಗ (ಚಾವಟಿಯಂಥ ಎಳೆ) ಬಡಿಯುತ್ತಾ ಈಜಿ ಅಂಡಾಣುವನ್ನು ಸೇರುತ್ತವೆ. ಬೀಜ ಬಿಡುವ ಸಸ್ಯದಲ್ಲಿ ಈಜುವ ಪುರುಷಾಣು! 1896ರಲ್ಲಿ ಜಪಾನಿನ ಹಿರಾಸೆ ಗಿಂಕ್ಗೊ ಎಂಬ ಮರದಲ್ಲಿ, ಇಕೆನೊ ಸೈಕಸ್‌ನಲ್ಲಿ ಇದನ್ನು ಕಂಡರು. ಇಂದು ಬದುಕಿರುವ ಬೀಜಸಸ್ಯಗಳಲ್ಲಿ ಈ ಗುಣ ಉಳಿದಿರುವುದು ಗಿಂಕ್ಗೊ ಮತ್ತು ಸೈಕಸ್ ಸೇರಿದ ಸೈಕಾಡ್ ಎಂಬ ಎರಡು ಗುಂಪುಗಳಲ್ಲಿ ಮಾತ್ರ.

ಪ್ರಶ್ನೆ ಕೇಳಿದವರು:
ಸೀಳಿ ನೋಡಿದೆ, ಎಳೆಯೂ ಇಲ್ಲ, ಭ್ರೂಣವೂ ಇಲ್ಲ. ಫಲಿತ ಬೀಜ ಸಿಕ್ಕರೆ ತಕ್ಷಣ ಬಿತ್ತಬಹುದೇ?

ಉತ್ತರ 1:
ಉದುರಿದಾಗ ಭ್ರೂಣ ಇನ್ನೂ ಎಳಸು. ಸುಲಿದು ತೊಳೆದು ನೆರಳಲ್ಲಿ ಮೂರರಿಂದ ಆರು ತಿಂಗಳು ಇಟ್ಟರೆ ಬೀಜದೊಳಗೇ ಬಲಿಯುತ್ತದೆ. ಆಮೇಲೆ ದಪ್ಪ ಮರಳು, ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಿ, ಬೀಜವನ್ನು ಅಡ್ಡ ಮಲಗಿಸಿ ಅರ್ಧ ಮಾತ್ರ ಹೂಳಿ. 25–30 ಡಿಗ್ರಿ ಸೆಲ್ಸಿಯಸ್ ಸಾಕು, ನೀರು ನಿಲ್ಲಬಾರದು. ಬೇರು ಬಂದ ಮೇಲೆ ಚಿಪ್ಪನ್ನು ಕೀಳಬೇಡಿ. ಬೀಜದಳಗಳು ಒಳಗೇ ಇದ್ದು ಸಸಿಗೆ ಆಹಾರ ಕೊಡುತ್ತಿರುತ್ತವೆ.

ಉತ್ತರ 3:
ಪೈನ್ ಬಿತ್ತುವವರಿಗೂ ಒಂದು ಮಾತು. ಅಲ್ಲಿ ಪರಾಗ ಸಿಗದ ಅಂಡಕ ಬೇಗ ಬಾಡಿಹೋಗುತ್ತದೆ, ಆದರೆ ಜೊಳ್ಳು ಬೇರೆ ದಾರಿಯಿಂದ ಬರುತ್ತದೆ. ಒಂಟಿ ಮರ ತನ್ನದೇ ಪರಾಗದಿಂದ ಫಲಿತವಾದಾಗ ಭ್ರೂಣಗಳು ಹೆಚ್ಚಾಗಿ ಎಳವೆಯಲ್ಲೇ ಸಾಯುತ್ತವೆ. ಚಿಪ್ಪು ಮಾತ್ರ ಪೂರ್ತಿ ಬೆಳೆದಿರುತ್ತದೆ, ಒಳಗೆ ಖಾಲಿ. ಹಾಗಾಗಿ ಬೀಜವನ್ನು ಹಲವು ಮರಗಳು ಒಟ್ಟಿಗೆ ಇರುವ ಕಡೆಯಿಂದಲೇ ಆರಿಸಿ.