ಅಬಾರ್ಷನ್ ಆದ ಮೇಲೆ ತಂಗಿ ಮಂಕಾಗಿದ್ದಾಳೆ, ಇದು ಅದರಿಂದಲೇನಾ?

ಚಿಂತಾಮಣಿ ಅಕ್ಕ

ಎಲ್ಲರಿಗೂ ನಮಸ್ಕಾರ. ನಾನು ಚಿಂತಾಮಣಿಯವಳು. ತಂಗಿಯನ್ನು ಶಿಡ್ಲಘಟ್ಟಕ್ಕೆ ಕೊಟ್ಟಿದ್ದೇವೆ, ರೇಷ್ಮೆ ನೂಲು ಬಿಚ್ಚುವ ಮನೆ, ಬೆಳಗಿಂದ ರಾತ್ರಿ ತನಕ ಕೆಲಸ. ಇಬ್ಬರು ಮಕ್ಕಳು. ಚಿಕ್ಕದಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ, ಅಷ್ಟರಲ್ಲಿ ಮತ್ತೆ ತಿಂಗಳು ನಿಂತಿತು. ಗಂಡ ಹೆಂಡತಿ ಮಾತಾಡಿಕೊಂಡು, ಮೆಡಿಕಲ್ ಸ್ಟೋರಿಗೆ ಹೋಗದೆ ಡಾಕ್ಟರ ಹತ್ತಿರವೇ ಹೋಗಿ ಏಳನೇ ವಾರದಲ್ಲಿ ಮಾತ್ರೆ ತಗೊಂಡಳು. ದೇಹಕ್ಕೆ ಏನೂ ತೊಂದರೆ ಆಗಲಿಲ್ಲ.

ಅತ್ತೆಗೆ ಮಾತ್ರ "ಅಬಾರ್ಷನ್ ಆಯ್ತು" ಅಂತಷ್ಟೇ ಹೇಳಿದ್ದಾರೆ. ನಮ್ಮ ಕಡೆ ತಾನಾಗೇ ಹೋದರೂ ಅದೇ ಮಾತು, ತೆಗೆಸಿದರೂ ಅದೇ ಮಾತು ಅಲ್ವಾ. ಅವರು ತಾನಾಗೇ ಹೋಯಿತು ಅಂದುಕೊಂಡು ಒಂದು ತಿಂಗಳು ಬಾಣಂತಿಯ ಹಾಗೆ ನೋಡಿಕೊಂಡರು. ಮೆಣಸಿನ ಸಾರು, ಬಿಸಿನೀರು, ಮಕ್ಕಳನ್ನೂ ಅವರೇ ಮಲಗಿಸಿಕೊಂಡರು. ಆ ಉಪಚಾರವೇ ಇವಳಿಗೆ ತಡೆಯೋಕೆ ಆಗಲಿಲ್ಲ ಅನ್ನಿಸುತ್ತೆ.

ಈಗ ನಾಲ್ಕು ತಿಂಗಳಾಯಿತು. ನಿದ್ದೆ ಇಲ್ಲ, ಒಲೆ ಮೇಲೆ ಹಾಲಿಟ್ಟು ಮರೆಯುತ್ತಾಳೆ, ಕರೆದರೆ ಎರಡು ಸಲಕ್ಕೆ ತಿರುಗುತ್ತಾಳೆ. ವಾಟ್ಸಾಪ್‌ನಲ್ಲಿ ಯಾರೋ ಒಂದು ವಿಡಿಯೋ ಹಾಕಿದ್ದಾರೆ, ಗರ್ಭ ತೆಗೆಸಿದವರಿಗೆ ಕೊನೇತನಕ ಮಾನಸಿಕ ಕಾಯಿಲೆ ಬಿಡಲ್ಲ, ಮುಂದೆ ಮಕ್ಕಳೂ ಆಗಲ್ಲ ಅಂತ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದನ್ನೇ ಹಾಕಿಕೊಂಡು ನೋಡುತ್ತಾಳಂತೆ. ಅದು ನಿಜವಾ? ಮೊದಲನೇ ಬಾಣಂತನದಲ್ಲೂ ಎರಡು ಮೂರು ತಿಂಗಳು ಹೀಗೇ ಇದ್ದಳು, ಮಗುವನ್ನು ಎತ್ತಿಕೊಳ್ಳುತ್ತಲೇ ಇರಲಿಲ್ಲ, ಗಾಳಿ ಅಂತ ತಾಯತ ಕಟ್ಟಿಸಿದೆವು, ಆಮೇಲೆ ಸರಿಹೋದಳು. ಇದು ಹಾಗಲ್ಲ ಅನ್ನಿಸುತ್ತಿದೆ. ದಯವಿಟ್ಟು ಗೊತ್ತಿರುವವರು ಹೇಳಿ.

ತುಮಕೂರು ಸಿಸ್ಟರ್

ಅಕ್ಕಾ, ನೀವು ಕೊನೆಯಲ್ಲಿ ಬರೆದ ಸಾಲನ್ನು ಮೊದಲು ಹಿಡಿಯುತ್ತೇನೆ. ನಾನು ಹೆರಿಗೆ ವಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮಗುವನ್ನು ಎತ್ತಿಕೊಳ್ಳದೆ ತಿಂಗಳುಗಟ್ಟಲೆ ಮಂಕಾಗಿ ಕೂರುವುದು ಗಾಳಿ ಅಲ್ಲ, ಬಾಣಂತನದ ಖಿನ್ನತೆ ಆಗಿದ್ದಿರಬಹುದು. ಆವಾಗ ಯಾರೂ ತೋರಿಸಲಿಲ್ಲ, ತಾನಾಗಿ ಇಳಿಯಿತು. 2011ರಲ್ಲಿ ಬ್ರಿಟನ್ನಿನ ವೈದ್ಯಕೀಯ ಕಾಲೇಜುಗಳ ಅಕಾಡೆಮಿ ಆವತ್ತಿನ ತನಕದ ಅಧ್ಯಯನಗಳನ್ನು ಸೇರಿಸಿ ನೋಡಿತ್ತು. ಬೇಡದ ಗರ್ಭ ನಿಂತಾಗ ಹೆತ್ತರೂ ತೆಗೆಸಿದರೂ ಮನಸ್ಸಿನ ಕಾಯಿಲೆಯ ಪ್ರಮಾಣ ಒಂದೇ ಅಂತ ಅವರಿಗೆ ಕಂಡಿತು. ಯಾರಿಗೆ ಆಮೇಲೆ ತೊಂದರೆ ಆಗಬಹುದು ಅಂತ ಹೇಳೋಕೆ ಎಲ್ಲಕ್ಕಿಂತ ಗಟ್ಟಿ ಗುರುತು ಯಾವುದು ಗೊತ್ತಾ? ಮೊದಲೇ ಒಂದು ಸಲ ಆಗಿತ್ತಾ ಅನ್ನೋದು. ನಿಮ್ಮ ತಂಗಿಗೆ ಆಗಿತ್ತು.

ಹಾಗಾಗಿ ಈಗಲಾದರೂ ತೋರಿಸಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಅಂತ ಮನಸ್ಸಿನ ತೊಂದರೆಗೆ ಮಂಗಳವಾರದ ಕ್ಲಿನಿಕ್ ಇರುತ್ತೆ, ಫೋನ್ ಮಾಡಿ ವಿಚಾರಿಸಿಕೊಂಡು ಹೋಗಿ. ರಕ್ತ ಕಡಿಮೆ ಇದೆಯಾ, ಥೈರಾಯ್ಡ್ ಇದೆಯಾ ಅದನ್ನೂ ನೋಡಿಸಿ. ಹಾಲು ಕುಡಿಸುತ್ತಿದ್ದರೆ ಮೊದಲೇ ಹೇಳಿ, ಅದಕ್ಕೆ ಹೊಂದುವ ಮಾತ್ರೆ ಕೊಡುತ್ತಾರೆ. ಮನೆಯಲ್ಲೇ ಕೂತು ಮಾತಾಡಬೇಕು ಅಂದರೆ 14416, ಟೆಲಿಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಇನ್ನೊಂದು, "ಸಾಯಬೇಕು ಅನ್ನಿಸುತ್ತಾ" ಅಂತ ಅವಳನ್ನು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತೆ ಅನ್ನೋದು ಸುಳ್ಳು. ಹೌದು ಅಂದರೆ ಮಂಗಳವಾರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರಕೊಂಡು ಹೋಗಿ. ಡಾಕ್ಟರ ನಿಗಾದಲ್ಲಿ ತಗೊಂಡ ಮಾತ್ರೆಯಿಂದ ಮುಂದೆ ಮಕ್ಕಳಾಗಲ್ಲ ಅನ್ನೋದಂತೂ ಸುಳ್ಳೇ.

ಕೋಲಾರ ಮೇಷ್ಟ್ರು

ತಾಯಿ, ನಿಮ್ಮ ತಂಗಿ ಬೇಗ ಹುಷಾರಾಗಲಿ. ನಾನು ಇದನ್ನು ವಿರೋಧಿಸುವವನು, ಮುಚ್ಚಿಡಲ್ಲ. ಹೊಟ್ಟೆಯಲ್ಲಿ ನಿಂತದ್ದೂ ಜೀವ ಅಂತ ನಂಬಿದ್ದೇನೆ. ಸಿಸ್ಟರ್ ಒಂದು ಕಡೆಯ ಲೆಕ್ಕ ಕೊಟ್ಟಿದ್ದಾರೆ. ಅದೇ 2011ರಲ್ಲಿ ಕೋಲ್ಮನ್ ಅನ್ನುವವರು ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ 22 ಅಧ್ಯಯನಗಳನ್ನು ಕೂಡಿಸಿ, ತೆಗೆಸಿದವರಲ್ಲಿ ಮಾನಸಿಕ ತೊಂದರೆಯ ಅಪಾಯ 81 ಪರ್ಸೆಂಟ್ ಜಾಸ್ತಿ ಅಂತ ಬರೆದರು. ಅದನ್ನೂ ಹೇಳಬೇಕಲ್ವಾ? ನೋವೇ ಆಗಲ್ಲ ಅಂದರೆ ನೋವಾದ ಹೆಣ್ಣುಮಗಳು ಎಲ್ಲಿ ಹೋಗಿ ಹೇಳಿಕೊಳ್ಳಬೇಕು?

ತುಮಕೂರು ಸಿಸ್ಟರ್

ಸರ್, ನೋವೇ ಆಗಲ್ಲ ಅಂತ ನಾನು ಹೇಳಿಲ್ಲ. ಅಳು ಬರುತ್ತೆ, ದುಃಖ ಆಗುತ್ತೆ, ಕೆಲವರಿಗೆ ತುಂಬ ದಿನ ಇರುತ್ತೆ. ದುಃಖ ಬೇರೆ, ಕಾಯಿಲೆ ಬೇರೆ. ಕೋಲ್ಮನ್ ಲೆಕ್ಕದ ಮೇಲೆ ಆಗಲೇ ತುಂಬ ಆಕ್ಷೇಪ ಬಂದಿದೆ. ಆ 22ರಲ್ಲಿ ಅರ್ಧದಷ್ಟು ಅವರದೇ ಅಧ್ಯಯನಗಳು. ಬೇಡ ಅಂತ ತೆಗೆಸಿದವರನ್ನು ಬೇಕು ಅಂತ ಹೆತ್ತವರ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಾಣದೆ ಇರುತ್ತಾ? ಆ ಇಬ್ಬರ ಕಷ್ಟ ಗರ್ಭ ನಿಲ್ಲುವ ಮೊದಲೇ ಬೇರೆ ಬೇರೆ ಇರುತ್ತೆ.

ಡೆನ್ಮಾರ್ಕಿನ ಸಂಶೋಧಕರು ತೆಗೆಸಿದ ಹೆಂಗಸರನ್ನೇ ಮುಂಚೆ ಹೇಗಿದ್ದರು, ಆಮೇಲೆ ಹೇಗಿದ್ದರು ಅಂತ ನೋಡಿದರು. ತೆಗೆಸುವ ಮುಂಚಿನ ಒಂಬತ್ತು ತಿಂಗಳಲ್ಲಿ ಮಾನಸಿಕ ತೊಂದರೆಗೆ ಮೊದಲ ಸಲ ಆಸ್ಪತ್ರೆ ಹತ್ತಿದವರು ವರ್ಷಕ್ಕೆ ಸಾವಿರಕ್ಕೆ 14.6ರ ಲೆಕ್ಕದಲ್ಲಿದ್ದರು, ಆಮೇಲಿನ ವರ್ಷದಲ್ಲಿ 15.2. ಏರಲಿಲ್ಲ ಅಂತಲೇ ಹೇಳಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇನ್ನೊಂದು ದಾರಿ ಹಿಡಿದರು. 30 ಕ್ಲಿನಿಕ್‌ಗಳಿಗೆ ಬಂದ ಸುಮಾರು ಸಾವಿರ ಹೆಂಗಸರಲ್ಲಿ ಕೆಲವರಿಗೆ ಅಬಾರ್ಷನ್ ಆಯಿತು, ಕೆಲವರನ್ನು ವಾರ ಮೀರಿದೆ ಅಂತ ವಾಪಸ್ ಕಳಿಸಿದ್ದರು. ಐದು ವರ್ಷ ಆರಾರು ತಿಂಗಳಿಗೆ ಮಾತಾಡಿಸಿದರು. ಶುರುವಿನಲ್ಲಿ ಆತಂಕ ಜಾಸ್ತಿ ಇದ್ದದ್ದು ವಾಪಸ್ ಹೋದವರಿಗೆ, ವರ್ಷದೊಳಗೆ ಇಬ್ಬರದೂ ಸಮ ಆಯಿತು. ಕರೆದವರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಒಪ್ಪಿದರು ಅನ್ನೋದು ಅದರ ಕೊರತೆ, ಅದನ್ನೂ ಹೇಳಿಬಿಡುತ್ತೇನೆ.

ಮಧುಗಿರಿ ಸೀಮೆ

ಓದಿ ಸುಮ್ನೆ ಇರೋಕೆ ಆಗಲಿಲ್ಲ. ನನ್ನದು ಹನ್ನೊಂದು ವರ್ಷದ ಹಿಂದಿನ ಮಾತು. ಎರಡು ಹೆಣ್ಣಾದ ಮೇಲೆ ಮೂರನೆಯದಕ್ಕೆ ರಾತ್ರಿ ಕಾರಿನಲ್ಲಿ ಎಲ್ಲಿಗೋ ಕರಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು. ಗಂಡೋ ಹೆಣ್ಣೋ ಅಂತ ಸ್ಕ್ಯಾನ್ ಮಾಡಿ ನೋಡಬಾರದು ಅಂತ 1994ರಿಂದಲೇ ಕಾನೂನು ಇದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ನಾಲ್ಕನೇ ತಿಂಗಳು ನಡೆಯುತ್ತಿತ್ತು. ಮಾರನೇ ವಾರ ತೆಗೆಸಿದರು. ತೆಗೆಸಿಕೊಂಡೆ ಅಂತ ನನ್ನ ಬಾಯಲ್ಲಿ ಇವತ್ತಿಗೂ ಬರಲ್ಲ, ತೆಗೆಸಿದರು ಅಂತಲೇ ಬರುತ್ತೆ. ಎರಡು ವರ್ಷ ನನಗೆ ಬೆಳಗು ಯಾವುದು, ರಾತ್ರಿ ಯಾವುದು ತಿಳಿಯಲಿಲ್ಲ.

ಮೇಷ್ಟ್ರೇ, ನನ್ನ ಕಣ್ಣೀರು ತೋರಿಸಿ ಇನ್ನೊಬ್ಬಳನ್ನು ತಡೆಯಬೇಡಿ. ನನಗೆ ಆದದ್ದು ನನ್ನ ಮಾತು ಯಾರೂ ಕೇಳಲಿಲ್ಲ ಅಂತ. ಬೇಡ ಅಂದವಳಿಗೆ ಹೆರು ಅನ್ನೋದೂ ಅದೇ ಅಲ್ವಾ? ಅಕ್ಕಾ, ನಿಮ್ಮ ತಂಗಿ ತಾನೇ ಯೋಚಿಸಿ ತಗೊಂಡಳಲ್ಲ, ಅದನ್ನು ಅವಳಿಗೆ ನೆನಪಿಸಿ. ಅತ್ತೆ ಸಾರು ಮಾಡಿಕೊಟ್ಟಾಗ ಅವಳಿಗೆ ಏನಾಗಿರಬೇಕು ಅಂತ ನನಗೆ ಅರ್ಥ ಆಗುತ್ತೆ. ಒಳಗೊಂದು ಹೊರಗೊಂದು ಇಟ್ಟುಕೊಂಡು ಊಟ ಇಳಿಯಲ್ಲ.

ಮುಳಬಾಗಿಲು ವಕೀಲೆ

ಒಂದು ಭಯ ತೆಗೆಯೋಕೆ ಬರೆಯುತ್ತಿದ್ದೇನೆ. ನಿಮ್ಮ ತಂಗಿ ಮಾಡಿದ್ದು ತಪ್ಪಲ್ಲ. 1971ರ ಗರ್ಭಪಾತದ ಕಾನೂನಿನಲ್ಲೇ ಹೆಣ್ಣಿನ ಮಾನಸಿಕ ಆರೋಗ್ಯಕ್ಕೆ ಪೆಟ್ಟು ಬೀಳುತ್ತೆ ಅನ್ನೋದು ತೆಗೆಸೋಕೆ ಒಪ್ಪುವ ಒಂದು ಕಾರಣ. 2021ರ ತಿದ್ದುಪಡಿ ಆದ ಮೇಲೆ 20 ವಾರದ ತನಕ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 18 ತುಂಬಿದವಳ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿಯೂ ಬೇಡ, ಅತ್ತೆಯದೂ ಬೇಡ. ಹೆಸರನ್ನು ಹೊರಗೆ ಹೇಳಿದರೆ ಡಾಕ್ಟರಿಗೇ ಶಿಕ್ಷೆ.

2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿಗೆ ಇಂಥದ್ದೇ ಒಬ್ಬಳು ಬಂದಿದ್ದಳು. ಎರಡು ಮಕ್ಕಳು, ಎರಡನೇ ಹೆರಿಗೆ ಆದ ಮೇಲೆ ಮಾನಸಿಕ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದಳು. ಹಾಲು ಕುಡಿಸುತ್ತಿದ್ದರಿಂದ ಮುಟ್ಟು ಬಂದಿರಲಿಲ್ಲ, ಹಾಗಾಗಿ ಗರ್ಭ ನಿಂತದ್ದೇ ತಿಳಿದಿರಲಿಲ್ಲ. ಗೊತ್ತಾಗಿ ಕೋರ್ಟಿಗೆ ಬರುವಾಗ 26 ವಾರ. ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಆಕೆಯ ನಿರ್ಧಾರಕ್ಕೆ ಬೆಲೆ ಕೊಡಬೇಕು ಅಂದರು, ಜೊತೆಗಿದ್ದ ನ್ಯಾಯಮೂರ್ತಿ ಒಪ್ಪಲಿಲ್ಲ. ಕೊನೆಗೆ ಮೂವರ ಪೀಠ, ಕೆಲವು ವರ್ಗದ ಹೆಂಗಸರಿಗೆ ಕಾನೂನು ಕೊಟ್ಟ 24 ವಾರದ ಮಿತಿಯೂ ದಾಟಿದೆ, ಜೀವಕ್ಕೆ ತಕ್ಷಣದ ಅಪಾಯವಿಲ್ಲ ಅಂತ ಹೇಳಿ ಅನುಮತಿ ಕೊಡಲಿಲ್ಲ. ನನಗೆ ಇವತ್ತಿಗೂ ಆ ತೀರ್ಪು ಸಮಾಧಾನ ತಂದಿಲ್ಲ. ಮನಸ್ಸಿನ ಕಾಯಿಲೆ ಜೀವಕ್ಕೆ ಅಪಾಯ ಅಲ್ಲ ಅಂತ ಬಾಣಂತಿ ಸನ್ನಿ ನೋಡಿದ ಯಾರೂ ಹೇಳಲ್ಲ.

ಕೋಲಾರ ಮೇಷ್ಟ್ರು

ಮಧುಗಿರಿಯ ತಾಯಿ, ನೀವು ಹೇಳಿದ್ದನ್ನು ಎರಡು ಸಲ ಓದಿದೆ. ನನ್ನ ನಂಬಿಕೆ ಬದಲಾಗಿಲ್ಲ. ಆದರೆ ಆ ವಿಡಿಯೋ ನಮ್ಮ ಗುಂಪಿಗೂ ಬಂದಿತ್ತು, ನಾನೂ ನಾಲ್ಕು ಜನಕ್ಕೆ ಕಳಿಸಿದ್ದೆ. ಅದು ತಪ್ಪಾಯಿತು. ಇವತ್ತು ಆ ನಾಲ್ಕೂ ಜನಕ್ಕೆ ಫೋನ್ ಮಾಡಿ ಹೇಳುತ್ತೇನೆ.

ಚಿಂತಾಮಣಿ ಅಕ್ಕ

ಎಲ್ಲರಿಗೂ ಕೈಮುಗಿದೆ. ನಿನ್ನೆ ಶಿಡ್ಲಘಟ್ಟಕ್ಕೆ ಹೋಗಿದ್ದೆ. ಸಿಸ್ಟರ್ ಹೇಳಿದ ಪ್ರಶ್ನೆ ಕೇಳೋಕೆ ನನಗೇ ಬಾಯಿ ಬರಲಿಲ್ಲ, ಮಕ್ಕಳಿಗೆ ಸ್ನಾನ ಮಾಡಿಸುತ್ತಾ ಕೇಳಿಬಿಟ್ಟೆ. ಸಾಯಬೇಕು ಅಂತ ಇಲ್ಲ, ಎಲ್ಲಾದರೂ ಹೋಗಿ ಒಂದು ವಾರ ಮಲಗಬೇಕು ಅನ್ನಿಸುತ್ತೆ ಅಂದಳು. ಆಮೇಲೆ ಎಲ್ಲ ಹೇಳಿದಳು. ಅತ್ತೆಗೆ ಹೇಳಬೇಕೋ ಬೇಡವೋ ಅವಳೇ ನೋಡಿಕೊಳ್ಳಲಿ, ನಾನು ಒತ್ತಾಯ ಮಾಡಲಿಲ್ಲ. ವಿಡಿಯೋ ಅವಳೇ ಅಳಿಸಿದಳು. ಮಂಗಳವಾರ ಬೆಳಗ್ಗೆ ನಾನೇ ಜೊತೆಗೆ ಹೋಗುತ್ತೇನೆ. ಚಿಕ್ಕದನ್ನು ನಮ್ಮಮ್ಮನ ಹತ್ತಿರ ಬಿಡುತ್ತೇವೆ.