ತಗಡಿನ ಸಂಚಾರಿ ಮನೆಯ ಛಾವಣಿಯಲ್ಲಿ ಬಿಸಿಲಿನ ಕಾವು ತಡೆಯುವುದು ಹೇಗೆ?

ಪ್ರಶ್ನೆ (ಕಾರಟಗಿ)
ತುಂಗಭದ್ರಾ ಎಡದಂಡೆ ಕಾಲುವೆಯ ದುರಸ್ತಿಯನ್ನು ನೀರು ನಿಲ್ಲಿಸಿದ ಬೇಸಿಗೆಯಲ್ಲಿಯೇ ಮಾಡಬೇಕಾಗುವುದರಿಂದ, ನಾವಿಬ್ಬರು ಮೇಲ್ವಿಚಾರಕರು ಏಪ್ರಿಲ್, ಮೇ ತಿಂಗಳುಗಳನ್ನು ಕಾಲುವೆಯ ಏರಿಯ ಮೇಲೆ, 20 ಅಡಿ ಉದ್ದ, 8 ಅಡಿ ಅಗಲದ ಕಬ್ಬಿಣದ ಕ್ಯಾಬಿನ್‌ನಲ್ಲಿ ಕಳೆಯುತ್ತೇವೆ. ಕೆಲಸ ಮುಂದೆ ಸಾಗಿದಂತೆ ಅದನ್ನೂ ಟ್ರೇಲರ್ ಮೇಲೆ ಸಾಗಿಸುತ್ತೇವೆ. ಹೊರಗೆ 42 ಡಿಗ್ರಿ ಇರುವ ಮಧ್ಯಾಹ್ನ ಒಳಗೆ ಕೂರಲಾಗುವುದಿಲ್ಲ. ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತದೆ. ಛಾವಣಿಗೆ ಕಡು ನೀಲಿ ಬಣ್ಣದ ಒಂದೇ ತಗಡು, ಅದರ ಕೆಳಗೆ ಪ್ಲೈವುಡ್, ನಡುವೆ 2 ಇಂಚು ಜಾಗವಿದೆ. ಅಲ್ಲಿ ಥರ್ಮೋಕೋಲ್ ತುಂಬಿದರೆ ಸಾಕೇ, ಪಫ್ ಹಾಳೆಯೇ (ಪಾಲಿಯುರೆಥೇನ್ ಎಂಬ ಗಟ್ಟಿ ನೊರೆಯ ಹಲಗೆ) ಬೇಕೇ?

ಉತ್ತರ (ಸಿಂಧನೂರು, ಫ್ಯಾಬ್ರಿಕೇಶನ್ ಕೆಲಸ)
ಜಾಗ 2 ಇಂಚು ಮಾತ್ರವಾದರೆ ಪಫ್ ಹಾಳೆಯೇ ಸೂಕ್ತ. ಅಷ್ಟೇ ತಡೆ ಥರ್ಮೋಕೋಲ್‌ನಿಂದ ಸಿಗಬೇಕಾದರೆ ಸುಮಾರು 3 ಇಂಚು ದಪ್ಪ ಬೇಕಾಗುತ್ತದೆ. ಮೇಲಾಗಿ ಥರ್ಮೋಕೋಲ್ 80 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗಿ ಕುಗ್ಗುತ್ತದೆ; ಕಡು ಬಣ್ಣದ ತಗಡಿಗೆ ಅಂಟಿಕೊಂಡಿದ್ದರೆ ಆ ಮಟ್ಟ ದೂರವೇನಲ್ಲ. ಗ್ಲಾಸ್ ವೂಲ್ (ಗಾಜಿನ ಎಳೆಗಳ ಹತ್ತಿಯಂಥ ಹಾಸು) ಅಗ್ಗವೇ ಆದರೂ ಪ್ರತಿ ಸಾಗಣೆಯ ಕುಲುಕಾಟಕ್ಕೆ ಜಗ್ಗಿ ಒಂದು ಮೂಲೆಗೆ ಸೇರುತ್ತದೆ. ಹಾಳೆಗಳ ನಡುವಿನ ಸಂದುಗಳನ್ನು ಸಿಂಪಡಿಸಿದ ಮೇಲೆ ಗಟ್ಟಿಯಾಗುವ ನೊರೆಯಿಂದ ಮುಚ್ಚಿಸಿ. ವೆಲ್ಡಿಂಗ್ ಏನಾದರೂ ಉಳಿದಿದ್ದರೆ ಮೊದಲೇ ಮುಗಿಸಬೇಕು, ಏಕೆಂದರೆ ಈ ನೊರೆಗಳೆಲ್ಲ ಬೆಂಕಿ ಹಿಡಿಯುವ ವಸ್ತುಗಳು.

ಉತ್ತರ (ಸಂಡೂರು)
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಕ್ರಮವನ್ನು ಒಪ್ಪುವುದಿಲ್ಲ. ತಗಡು ಕಾದ ಮೇಲೆ ಕಾವನ್ನು ತಡೆಯುವುದಕ್ಕಿಂತ ತಗಡು ಕಾಯದಂತೆ ನೋಡಿಕೊಳ್ಳುವುದು ಅಗ್ಗ. ಮೊದಲು ನೀಲಿ ಬಣ್ಣದ ಮೇಲೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿಯ ಅಕ್ರಿಲಿಕ್ ಲೇಪನ ಹಚ್ಚಿಸಿ. ಸುಣ್ಣ ಬಳಿಯಬೇಡಿ, ಅದು ತಗಡಿನ ಮೇಲೆ ನಿಲ್ಲುವುದಿಲ್ಲ, ಒದ್ದೆಯಾದಾಗ ಸತುವಿನ ಪದರವನ್ನೂ ತಿನ್ನುತ್ತದೆ. ನಮ್ಮ ಕಡೆ ಅದಿರಿನ ಧೂಳು ಕೂತು ಬಿಳಿ ಛಾವಣಿ ಕೆಂಪಾಗುವುದರಿಂದ ಆಗಾಗ ತೊಳೆಯಬೇಕಾಗುತ್ತದೆ. ನಿಮ್ಮ ಏರಿಯ ಮೇಲೂ ಟಿಪ್ಪರ್‌ಗಳ ಧೂಳು ಕಡಿಮೆಯಿರಲಾರದು.

ಅನಂತರ ಛಾವಣಿಯ ಮೇಲೆ ಒಂದು ಅಡಿ ಅಂತರ ಬಿಟ್ಟು, ನಾಲ್ಕೂ ಕಡೆ ಗಾಳಿಗೆ ತೆರೆದಿರುವಂತೆ ಚಪ್ಪರ ಕಟ್ಟಿ. ಬಿಸಿಲು ಚಪ್ಪರಕ್ಕೆ ಬಿದ್ದು, ಕಾದ ಗಾಳಿ ನಡುವಿನಿಂದ ಹರಿದು ಹೋಗುತ್ತದೆ. ತೋಟದ ನೆರಳು ಪರದೆಯಾದರೂ ನಡೆದೀತು. ನಮ್ಮ ಹಿರಿಯರ ಮಾಳಿಗೆ ಮನೆಗಳು ದಪ್ಪ ಮಣ್ಣಿನ ಭಾರದಿಂದಲೇ ತಂಪಾಗಿದ್ದವು, ಆದರೆ ಆ ಭಾರವನ್ನು ಟ್ರೇಲರ್ ಮೇಲೆ ಹೊರಿಸಲಾಗದು. ಬೆಳ್ಳಿ ಬಣ್ಣದ ಫಾಯಿಲ್ ಹಾಳೆಯನ್ನೂ ಅಂಗಡಿಯವರು ತೋರಿಸುತ್ತಾರೆ. ಅದರ ಹೊಳೆಯುವ ಮುಖದ ಎದುರು ಒಂದು ಇಂಚಿನಷ್ಟಾದರೂ ಖಾಲಿ ಜಾಗವಿಲ್ಲದಿದ್ದರೆ ಹಣ ದಂಡ. ಇಷ್ಟಾದ ಮೇಲೆ ಪಫ್ ಹಾಕಿಸಿದರೆ ಅದರ ಪೂರ್ಣ ಪ್ರಯೋಜನ ಸಿಗುತ್ತದೆ. ಬರಿಯ ತಗಡು ಸಂಜೆಯಾದೊಡನೆ ತಣ್ಣಗಾಗುತ್ತದೆ, ಪಫ್ ಹಾಕಿದ ಕೋಣೆ ಹಾಗಲ್ಲ. ರಾತ್ರಿ ಎದುರುಬದುರಿನ ಕಿಟಕಿಗಳನ್ನು ತೆರೆದಿಡಿ.

ಉತ್ತರ (ರಾಯಚೂರು, ವಿದ್ಯುತ್ ಕೆಲಸ)
ಆ 2 ಇಂಚಿನ ಜಾಗದಲ್ಲಿ ವೈರುಗಳು ಹಾದುಹೋಗಿದ್ದರೆ ಮೊದಲು ಅವನ್ನು ಪೈಪಿನೊಳಗೆ ಹಾಕಿಸಿ. ಥರ್ಮೋಕೋಲ್ ತಾಗಿದ ಪಿವಿಸಿ ವೈರಿನ ಹೊದಿಕೆ ಕಾಲಕ್ರಮೇಣ ಗಡುಸಾಗಿ ಬಿರುಕು ಬಿಡುತ್ತದೆ. ನೊರೆಯ ನಡುವೆ ಹುದುಗಿದ ವೈರಿನ ಬಿಸಿಗೂ ಹೊರಹೋಗಲು ದಾರಿಯಿರುವುದಿಲ್ಲ. ಮುಂದೆ ಎಸಿ ಹಾಕುವ ಯೋಚನೆಯಿದ್ದರೆ ಅದರ ವೈರನ್ನು ಗೋಡೆಯ ಮೇಲೆಯೇ ತನ್ನಿ.

ಪ್ರಶ್ನೆ ಕೇಳಿದವರು (ಕಾರಟಗಿ)
ಚಪ್ಪರದ ಯೋಚನೆ ಹಿಡಿಸಿತು. ಆದರೆ ಮೇ ತಿಂಗಳ ಮಳೆಗಾಳಿಗೆ ಅದು ಹಾರಿಹೋಗದೇ? ಸಾಗಿಸುವಾಗ ರಸ್ತೆಯ ಮೇಲಿನ ವಿದ್ಯುತ್ ತಂತಿಗಳ ಭಯವೂ ಇದೆ.

ಉತ್ತರ (ಸಂಡೂರು)
ಕಂಬಗಳನ್ನು ತಗಡಿಗೆ ಅಲ್ಲ, ಕ್ಯಾಬಿನ್ನಿನ ಚೌಕಟ್ಟಿಗೆ ಬೋಲ್ಟ್ ಹಾಕಿ ನಿಲ್ಲಿಸಿ. ತಗಡು ತೂತಾದರೆ ಸೋರುತ್ತದೆ. ಪರದೆಯನ್ನು ಹಗ್ಗದಿಂದ ಬಿಗಿದರೆ ಮೋಡ ಕವಿದಾಗ ಇಬ್ಬರೇ ಸುತ್ತಿಡಬಹುದು. ಟ್ರೇಲರ್ ಹತ್ತಿಸುವ ಮೊದಲು ಕಂಬಗಳನ್ನು ಬಿಚ್ಚಿ ಒಳಗೆ ಮಲಗಿಸಿ.